ಹಾಕು, ಸಾಕು

ಆ ಬೀದಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಿವಿ ಕೇಳಿಸುವವನ ಹೆಸರು ಕಿವುಡ.

ಮೂರು ಮನೆ ಆಚೆ ನಿಂತ ಟ್ರ್ಯಾಕ್ಟರಿನ ಸದ್ದು ಕೇಳಿ, ಯಾವ ಸಿಲಿಂಡರಿನ ನಾಝಲ್ ಕಟ್ಟಿದೆ ಎಂದು ಕೂತಲ್ಲಿಂದಲೇ ಹೇಳಬಲ್ಲ. ಮೋಟಾರ್‌ಸೈಕಲ್ಲು ತಿರುವು ದಾಟುವ ಮೊದಲೇ ಅದರ ಚೈನು ಸಡಿಲವಾಗಿರುವುದು ಅವನಿಗೆ ಗೊತ್ತಾಗುತ್ತದೆ. ಅಂಥವನನ್ನು ಊರು ಏಳು ವರ್ಷದಿಂದ ‘ಲೋ ಕಿವುಡಾ’ ಎಂದು ಕರೆಯುತ್ತದೆ. ಅವನು ‘ಏನು’ ಎಂದು ತಿರುಗುತ್ತಾನೆ. ಹೀಗೆ ಪಿಸುಮಾತಿನಲ್ಲಿ ಕರೆದರೂ ತಿರುಗುವವನು ಕಿವುಡ ಹೇಗಾದ ಎಂದು ಒಬ್ಬ ಮಹಾನುಭಾವನಿಗೂ ಹೊಳೆದಿಲ್ಲ. ಹೆಸರಿಡುವಾಗ ಜನಕ್ಕೆ ಇರುವ ಹುರುಪು, ಇಟ್ಟದ್ದನ್ನು ವಾಪಸ್ ತೆಗೆದುಕೊಳ್ಳುವಾಗ ಇರುವುದಿಲ್ಲ.

ಹೆಸರಿಟ್ಟವನು ಅವನ ಅಪ್ಪ.

ಏಳು ವರ್ಷದ ಹಿಂದಿನ ಮಾತು. ಅಪ್ಪ ಒಂದು ಹಳೆಯ ಕಟಾವು ಮಷಿನ್ ಇಟ್ಟುಕೊಂಡು ಸುತ್ತಲ ಹೊಲಗಳಿಗೆ ಬಾಡಿಗೆಗೆ ಓಡಿಸುತ್ತಿದ್ದ. ಆ ದಿನ ಪೈರು ಮಳೆಯಲ್ಲಿ ನೆನೆದಿತ್ತು. ಕಾಳು ಉದುರಿಸುವ ಡ್ರಮ್ಮು ಹಸಿ ಹುಲ್ಲು ಸುತ್ತಿಕೊಂಡು ಕಟ್ಟಿ ನಿಂತಿತು. ಅಣ್ಣ ಕೆಳಗಿಳಿದು ಪಕ್ಕದ ಬಾಗಿಲು ತೆರೆದ. ಹದಿನೇಳರ ತಮ್ಮ, ಇವತ್ತಿನ ಕಿವುಡ, ಮೇಲೆ ಕ್ಯಾಬಿನ್ನಿನಲ್ಲಿ ಡ್ರಮ್ಮಿನ ಲಿವರ್ ಹಿಡಿದು ಕೂತ. ಅವನು ಲಿವರ್ ಮುಟ್ಟಿದ್ದು ಅದೇ ಮೊದಲು. ಕೆಲಸ ಇಷ್ಟೇ: ಅಣ್ಣ ಹುಲ್ಲು ಕಿತ್ತು, ಕೈ ಹೊರಗೆಳೆದು ‘ಹಾಕು’ ಎಂದಾಗ ಲಿವರ್ ಹಾಕಬೇಕು, ಡ್ರಮ್ಮು ಅರ್ಧ ಸುತ್ತು ತಿರುಗಿ ಉಳಿದ ಹುಲ್ಲು ಸಡಿಲವಾಗುತ್ತದೆ. ‘ಸಾಕು’ ಎಂದಾಗ ತೆಗೆಯಬೇಕು. ಹಾಕು, ಸಾಕು. ಹಾಕು, ಸಾಕು. ಹತ್ತು ಸಲ ಎಲ್ಲ ಸರಿಯಾಗಿಯೇ ನಡೆಯಿತು. ಹನ್ನೊಂದನೇ ಸಲ ಅಣ್ಣನ ಕೈ ಇನ್ನೂ ಒಳಗಿತ್ತು. ಅಣ್ಣ ಕೂಗಿದ, ತಮ್ಮ ಲಿವರ್ ಹಾಕಿದ.

ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಏನೂ ಉಳಿಯಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ, ನೂರು ಜನರ ಎದುರು ಅಪ್ಪ ಅವನ ಕಪಾಳಕ್ಕೆ ಬಾರಿಸಿದ. “ಪಕ್ಕದಲ್ಲೇ ನಿಂತಿದ್ದೆ ಕಣೋ, ನನ್ನ ಕಿವಿಯಾರೆ ಕೇಳಿದೀನಿ. ಸಾಕು ಅಂದ ಅವನು, ಸಾಕು! ನಿನಗೆ ಹಾಕು ಅಂತ ಕೇಳಿಸ್ತಾ? ಕಿವುಡ! ಕಿವುಡ ನನ್ನಮಗನೆ!”

ಕೇಳಿಸಿದ್ದು ಹಾಕು ಅಂತಲೇ. ಆಣೆ ಇಟ್ಟು ಹೇಳಿದ. ಅತ್ತು ಹೇಳಿದ. ಯಾರಿಗೆ ಬೇಕಿತ್ತು ಅದು? ಕೊನೆಗೆ ಅಣ್ಣನನ್ನೇ ಕೇಳಿದ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅಣ್ಣ, “ನೆನಪಿಲ್ಲ ಕಣೋ” ಎಂದ. ಎರಡನೇ ವರ್ಷ ಕೇಳಿದಾಗಲೂ ನೆನಪಿಲ್ಲ, ಅಪ್ಪ ತೀರಿಕೊಂಡ ವರ್ಷ ಕೇಳಿದಾಗಲೂ ನೆನಪಿಲ್ಲ.

ಓದು ಆಗಲೇ ನಿಂತಿತ್ತು. ಪ್ರತಿದಿನ ಬೆಳಗ್ಗೆ ಎದ್ದು ಅಣ್ಣನ ಅಂಗಿಗೆ ಗುಂಡಿ ಹಾಕುವುದು ಅವನ ಮೊದಲ ಕೆಲಸ. ಎಡಗೈಯಲ್ಲಿ ಹಾಕಿಕೊಳ್ಳುವುದನ್ನು ಕಲಿಯಬಹುದಿತ್ತು ಅಣ್ಣ. ಕಲಿಯಲಿಲ್ಲ, ತಮ್ಮ ಕಲಿ ಎನ್ನಲೂ ಇಲ್ಲ. ತೆಗೆದವನೇ ಹಾಕಬೇಕು ಎಂಬಂತೆ, ಕಾಲರಿನಿಂದ ಕೆಳಗೆ ಏಳು ಗುಂಡಿ, ದಿನಾ. ಆ ಮನೆಯಲ್ಲಿ ಮಾತು ಕೂಡ ಊನವಾಗಿತ್ತು. ಗಡಿಯಾರ ನಿಂತರೆ ‘ಕೈ ಕೊಟ್ಟಿತು’ ಎನ್ನುವಂತಿಲ್ಲ. ಯಾರನ್ನೂ ‘ಕೈಬಿಟ್ಟರು’ ಎನ್ನುವಂತಿಲ್ಲ. ಸಾರು ಚೆನ್ನಾಗಿದ್ದರೆ ಅಮ್ಮನ ಕೈರುಚಿಯನ್ನೂ ಹೊಗಳುವಂತಿಲ್ಲ. ಬಾಯಿಗೆ ಬಂದ ಮಾತನ್ನು ಮೂವರೂ ನುಂಗಿಕೊಂಡು ಬೇರೆ ಮಾತು ಹುಡುಕುತ್ತಿದ್ದರು.

ಮಷಿನ್ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತಿತ್ತು. ಯಾರೂ ಮುಟ್ಟಲಿಲ್ಲ.

ಈ ವರ್ಷ ಒಬ್ಬ ವ್ಯಾಪಾರಿ ಹುಡುಕಿಕೊಂಡು ಬಂದ. ಈಗಿನ ಹೊಸ ಮಷಿನ್‌ಗಳ ಹೊಟ್ಟೆಯಲ್ಲೆಲ್ಲ ಕಂಪ್ಯೂಟರಂತೆ, ಕೆಟ್ಟರೆ ಹಳ್ಳಿಯ ಮೆಕ್ಯಾನಿಕ್ಕಿಗೆ ಬಗ್ಗುವುದಿಲ್ಲವಂತೆ, ಹಳೆಯದೇ ಬೇಕಂತೆ. “ನನ್ನ ಕಣ್ಣೆದುರು ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಹಿಡೀಬೇಕು, ಡ್ರಮ್ಮು, ಫ್ಯಾನು ಎಲ್ಲ ಓಡಬೇಕು. ಓಡಿದರೆ ಒಯ್ತೀನಿ, ಇಲ್ಲಾಂದ್ರೆ ಗುಜರಿ ರೇಟು. ಎಂಟು ದಿನ ಟೈಮು,” ಎಂದು ಹೋದ.

ಅಮ್ಮ ಅಂದೇ ತೀರ್ಮಾನ ಹೇಳಿದಳು. “ಮಾರ್ಬಿಡಿ. ಬಂದ ದುಡ್ಡಲ್ಲಿ ದೊಡ್ಡೋನಿಗೆ ಆ ಬೆರಳು ಮಡಚೋ ಕೈ ಹಾಕಿಸೋಣ. ತಿಂದಿದ್ದು ಅದೇ ಅಲ್ವಾ, ಅದೇ ಕಕ್ಕಲಿ.”

ತಮ್ಮ ಮರುದಿನ ಬೆಳಗ್ಗೆ, ಅಣ್ಣನ ಗುಂಡಿ ಹಾಕಿ ಮುಗಿಸಿ, ಸ್ಪ್ಯಾನರಿನ ಪೆಟ್ಟಿಗೆ ಎತ್ತಿಕೊಂಡು ಶೆಡ್ಡಿಗೆ ನಡೆದ. ಅವನ ಎದೆಯೊಳಗೆ ಇದ್ದದ್ದು ದುಡ್ಡಲ್ಲ. ಆವತ್ತು ಆ ಹೊಲದಲ್ಲಿ ಇದ್ದವರು ನಾಲ್ಕು ಜನ: ಅಪ್ಪ, ಅಣ್ಣ, ತಾನು, ಈ ಮಷಿನ್. ಅಪ್ಪ ಮಣ್ಣಾಗಿದ್ದಾನೆ. ಅಣ್ಣನಿಗೆ ನೆನಪಿಲ್ಲ. ಇದೂ ಗೇಟು ದಾಟಿ ಹೋದರೆ, ಅಣ್ಣನ ಕೈ ತೆಗೆದವನು ತಾನು ಹೌದೋ ಅಲ್ಲವೋ ಎಂದು ಕೇಳುವುದಕ್ಕೆ ಯಾರೂ ಉಳಿಯುವುದಿಲ್ಲ. ಕಬ್ಬಿಣವನ್ನು ಏನು ಕೇಳುವುದು ಎಂದು ಅವನಿಗೂ ಗೊತ್ತಿರಲಿಲ್ಲ. ಎಂಟು ದಿನ ಅದರ ಜೊತೆ ಇರಬೇಕು ಅನ್ನಿಸಿತ್ತು, ಅಷ್ಟೇ.

ಎಂಜಿನ್ನಿನ ಮುಚ್ಚಳ ಎತ್ತಿದರೆ ಒಳಗೆ ಇಲಿಗಳು ಮನೆ ಕಟ್ಟಿ, ಮಕ್ಕಳುಮರಿ ಮಾಡಿ, ವೈರಿನ ತೊಗಟೆಯನ್ನೆಲ್ಲ ಮೇದು, ಖಾಲಿ ಮಾಡಿಕೊಂಡು ಹೋಗಿದ್ದವು. ಟ್ಯಾಂಕಿನಲ್ಲಿದ್ದ ಡೀಸೆಲ್ ಅಂಟಿನಂತಾಗಿತ್ತು. ಬೆಲ್ಟುಗಳು ಮುಟ್ಟಿದರೆ ಪುಡಿಪುಡಿ. ಅಣ್ಣ ಶೆಡ್ಡಿನ ಹೊರಗೆ ಮಗುಚಿಟ್ಟ ಎಣ್ಣೆ ಡಬ್ಬದ ಮೇಲೆ ಕೂತು ನೋಡುತ್ತಿದ್ದ. ಏಳು ವರ್ಷದಲ್ಲಿ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು.

“ಇಲಿ ಸಂಸಾರ ಹೂಡಿದ್ದವಲ್ಲೋ. ಬಾಡಿಗೆ ವಸೂಲಿ ಮಾಡಬೇಕಿತ್ತು.”

“ಅಡ್ವಾನ್ಸ್ ಅಂತ ಹಿಕ್ಕೆ ಬಿಟ್ಟು ಹೋಗಿವೆ. ಎಣಿಸ್ಕೊಳ್ತೀಯಾ?”

“ನೀನೇ ಇಟ್ಕೊ. ದುಡಿದಿದ್ದು ನೀನು.”

ಇಬ್ಬರೂ ನಕ್ಕರು. ಆ ಶೆಡ್ಡಿಗೆ ನಗುವಿನ ಅಭ್ಯಾಸ ತಪ್ಪಿಹೋಗಿತ್ತೇನೋ, ತಗಡು ಅದನ್ನು ಹಾಗೇ ವಾಪಸ್ ಎಸೆಯಿತು.

ಮೂರು ದಿನ ಟ್ಯಾಂಕು ತೊಳೆದ, ಪೈಪು ಊದಿದ, ಫಿಲ್ಟರ್ ಬದಲಿಸಿದ, ಹೊಸ ವೈರು ಎಳೆದ. ನಾಲ್ಕನೇ ದಿನ ಬಾಡಿಗೆ ಬ್ಯಾಟರಿ ತಂದು ಕೀಲಿ ತಿರುಗಿಸಿದರೆ ‘ಟಕ್’ ಎಂದು ಒಂದೇ ಸದ್ದು. ಎಂಜಿನ್ ಎಬ್ಬಿಸುವ ಸೆಲ್ಫ್ ಮೋಟಾರು ಸತ್ತಿತ್ತು. ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ವೈಂಡಿಂಗ್ ಅಂಗಡಿಗೆ ಹೋದ.

ಅಲ್ಲಿದ್ದ ಮುದುಕ ಕನ್ನಡಕ ಮೇಲೇರಿಸಿ, ಬೀದಿಗೆಲ್ಲ ಕೇಳುವಂತೆ ಕೂಗಿದ. “ಓಹೋಹೋ, ಕಿವುಡನಾ! ಬಾರಪ್ಪಾ! ಕೂತ್ಕೋ!”

“ಕೂಗಬೇಡ ಅಜ್ಜ. ನನಗೆ ಕೇಳಿಸುತ್ತೆ.”

“ಹಾಂ? ಏನಂದೆ?”

“ನನಗೆ ಕೇಳಿಸುತ್ತೆ ಅಂದೆ!”

“ಅದಕ್ಯಾಕೆ ಕೂಗ್ತೀಯ!” ಎಂದು ಮುದುಕ ಸಿಡುಕಿ, ಮೋಟಾರನ್ನು ತಿರುವಿ ನೋಡಿದ. ನೋಡುತ್ತ ನೋಡುತ್ತ ದನಿ ಇಳಿಯಿತು. “ಇದು ನಿಮ್ಮಪ್ಪಂದು. ನಿಮ್ಮಣ್ಣಂಗೆ ಹಂಗಾದ ಕಟಾವಲ್ಲೇ ತಂದಿದ್ದ. ಕಾರ್ಬನ್ ಪೂರ್ತಿ ಸವೆದಿದೆ ಮಾರಾಯ, ಎರಡು ದಿನ ಬಿಟ್ಟುಹೋಗು ಅಂದೆ. ಎರಡು ದಿನ ಮಷಿನ್ ನಿಲ್ಸೋಕೆ ಆಗಲ್ಲ ಅಂತ ಎತ್ಕೊಂಡೇ ಹೋದ. ಹೆಂಗೆ ಸ್ಟಾರ್ಟ್ ಮಾಡ್ತೀಯೋ ಅಂದ್ರೆ, ಬೆಳಗ್ಗೆ ಟ್ರ್ಯಾಕ್ಟರ್ ಕಟ್ಟಿ ಎಳೆಸಿದ್ರಾಯ್ತು, ಸಂಜೆತನಕ ಆಫೇ ಮಾಡಲ್ಲ ಅಂದ. ಆಮೇಲೆ ನೋಡು, ಕೈ ಕೊಡ್ತು...” ಮುದುಕ ನಾಲಿಗೆ ಕಚ್ಚಿಕೊಂಡ.

ಮರುದಿನ ಬೆಳಗ್ಗೆಗೇ ಬೇಕೆಂದು ಮೋಟಾರು ಒಪ್ಪಿಸಿ ಕಿವುಡ ವಾಪಸು ಹೊರಟ. ಆವತ್ತು ಎಂಜಿನ್ ಓಡುತ್ತಲೇ ಇತ್ತು. ಅದು ಅವನಿಗೆ ಗೊತ್ತು. ಯಾಕೆ ಓಡುತ್ತಿತ್ತು ಎಂದು ಏಳು ವರ್ಷದಲ್ಲಿ ಒಂದು ಸಲವೂ ಕೇಳಿಕೊಂಡಿರಲಿಲ್ಲ. ಕಪಾಳದ ಏಟು ಅಂಥದು. ಅದು ಬಿದ್ದ ಮೇಲೆ ಪ್ರಶ್ನೆ ಹುಟ್ಟುವುದು ನಿಂತುಹೋಗುತ್ತದೆ. ಆಫ್ ಮಾಡಿ ಕೈ ಹಾಕಿಸಿದ್ದರೆ ಲಿವರ್ ಹಾಕಿದರೂ ಏನೂ ಆಗುತ್ತಿರಲಿಲ್ಲ. ಎರಡು ದಿನದ ಬಾಡಿಗೆ ಉಳಿಸಿದ ಮನುಷ್ಯ ನೂರು ಜನರ ಎದುರು ಬೆರಳು ತೋರಿಸಿದ್ದು ಹದಿನೇಳರ ಮಗನ ಕಡೆ.

ಐದನೇ ದಿನ ಮಧ್ಯಾಹ್ನ ಮಷಿನ್ ಸ್ಟಾರ್ಟ್ ಆಯಿತು. ಮೊದಲು ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಇಡೀ ಶೆಡ್ಡು ನಡುಗಿತು. ಆಮೇಲೆ ದನಿ ಹಿಡಿಯಿತು. ಅಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಅಣ್ಣ ಡಬ್ಬದಿಂದ ಎದ್ದು ನಿಂತ, ಎಡಗೈ ತಾನಾಗಿ ಬಲಗೈಯ ಮೊಂಡನ್ನು ಹಿಡಿದುಕೊಂಡಿತ್ತು.

ಆರನೇ ದಿನ ಡ್ರಮ್ಮಿನ ಬೇರಿಂಗು. ಏಳನೇ ದಿನ ಉಳಿದದ್ದು ಫ್ಯಾನಿನ ಬೆಲ್ಟು. ಹೊಟ್ಟು ತೂರುವ ಆ ಫ್ಯಾನು ಕ್ಯಾಬಿನ್ನಿನ ಬೆನ್ನಿಗೇ ಇದೆ; ಅದನ್ನು ನಿಲ್ಲಿಸುವ ಲಿವರ್ ಮುರಿದು ಎಷ್ಟೋ ವರ್ಷವಾಗಿ, ಅಪ್ಪ ತಂತಿ ಸುತ್ತಿ ಬಿಗಿದಿದ್ದ. ಹಾಗಾಗಿ ಎಂಜಿನ್ ಓಡಿದಷ್ಟು ಹೊತ್ತೂ ಫ್ಯಾನು ಓಡುತ್ತಿತ್ತು. ಹೊಸ ಬೆಲ್ಟು ಏರಿಸಿ, ಕ್ಯಾಬಿನ್ನಿಗೆ ಹತ್ತಿ ಕೀಲಿ ತಿರುಗಿಸಿದ. ಎಂಜಿನ್ನಿನ ಗುಡುಗಿನ ಮೇಲೆ ಇನ್ನೊಂದು ಸದ್ದು ಎದ್ದಿತು. ಸ್ಸ್ಸ್ಸ್ಸ್. ಕುಕ್ಕರಿನ ಉಗಿ ಬಿಟ್ಟಂತೆ, ಬಿಟ್ಟೂ ಬಿಟ್ಟೂ ಮುಗಿಯದಂತೆ. ಈ ಸದ್ದು ಆವತ್ತೂ ಇತ್ತು. ಇದನ್ನು ಮರೆತೇಬಿಟ್ಟಿದ್ದ.

ಅಷ್ಟರಲ್ಲಿ ಕೆಳಗಿನಿಂದ ಅಮ್ಮನ ದನಿ ಬಂತು.

“ಆಕು!”

ಅವನ ಕೈ ತಾನಾಗಿ ಲಿವರಿನ ಮೇಲೆ ಹೋಯಿತು. ಆಕು. ಹಾಕು ಎಂದು ಪೂರ್ತಿ ಹೇಳುವವರು ಯಾರಿದ್ದಾರೆ ಆ ಮನೆಯಲ್ಲಿ? ಅವಸರದಲ್ಲಿ ಎಲ್ಲರೂ ಆಕು ಅನ್ನುವವರೇ. ಲಿವರ್ ಅರ್ಧ ಎಳೆದವನು ಬೆಂಕಿ ಮುಟ್ಟಿದಂತೆ ಬಿಟ್ಟ. ಎಂಜಿನ್ ಆರಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ಏನಂದೆ ಅಮ್ಮ?”

“ಸಾಕು ಅಂದೆ ಕಣೋ. ಸಾಕು, ಬಂದು ಊಟ ಮಾಡು ಅಂದೆ. ಅನ್ನ ಆರಿ ಹೋಗ್ತಿದೆ. ಯಾಕೋ, ಮುಖ ಹಂಗ್ಯಾಕಾಯ್ತು?”

“ಇನ್ನೊಂದ್ಸಲ ಹೇಳು. ನಾನು ಸ್ಟಾರ್ಟ್ ಮಾಡ್ತೀನಿ. ಅದನ್ನೇ ಹೇಳು. ಸಾಕು ಅಂತ.”

“ಹುಚ್ಚು ಹಿಡೀತಾ ನಿನಗೆ?”

“ಹೇಳಮ್ಮ!”

ಅವಳು ಹೇಳಿದಳು. ಐದು ಸಲ ಹೇಳಿಸಿದ. ಐದು ಸಲವೂ ಮೊದಲಿನ ‘ಸ’ವನ್ನು ಫ್ಯಾನು ತನ್ನ ಸ್ಸ್ಸ್‌ನೊಳಗೆ ನುಂಗಿಹಾಕಿತು, ಕ್ಯಾಬಿನ್ನಿಗೆ ಬಂದು ಮುಟ್ಟಿದ್ದು ಆಕು, ಆಕು, ಆಕು. ಮೊದಲ ಹತ್ತು ಸಲ ಯಾಕೆ ಸರಿಯಾಯಿತು ಎಂಬುದೂ ಈಗ ಬಿಡಿಸಿದಂತೆ ಗೊತ್ತಾಯಿತು. ಎರಡೂ ಒಂದೇ ಥರ ಕೇಳುತ್ತಿತ್ತು. ಅವನು ಸರದಿಯ ಮೇಲೆ ಹಾಕಿ ತೆಗೆದು ಮಾಡುತ್ತಿದ್ದ. ಹನ್ನೊಂದನೇ ಸಲ ಅಣ್ಣ ಸರದಿ ತಪ್ಪಿಸಿ ಸಾಕು ಎಂದಿದ್ದ. ಸಾಕು, ಹುಲ್ಲೆಲ್ಲ ಬಂತು, ಇನ್ನು ಹಾಕೋದು ಬೇಡ ಎಂದು. ಕೊನೆಯ ಹಿಡಿಗೆ ಕೈ ಒಳಗೇ ಇಟ್ಟುಕೊಂಡು.

ಎಂಜಿನ್ ಆರಿಸಿ ಇಳಿದ. ಕಾಲು ನೆಲ ಮುಟ್ಟುವ ಮೊದಲೇ ಕೂಗಿದ. “ಅಣ್ಣಾ! ಕೇಳಿಸ್ತಾ? ನಾನು ಕಿವುಡ ಅಲ್ಲ ಕಣೋ! ಅಲ್ಲಿ ಕೂತರೆ ಯಾರಿಗೂ ಹಂಗೇ ಕೇಳೋದು!”

ಅಣ್ಣ ಡಬ್ಬದ ಮೇಲೆ ಕೂತಿದ್ದ. ಆಶ್ಚರ್ಯ ಪಡಲಿಲ್ಲ. ಅದನ್ನು ನೋಡಿಯೇ ತಮ್ಮನ ಬಾಯಿ ಅಲ್ಲಿಗೇ ನಿಂತಿತು.

“ನಿನಗೆ ಗೊತ್ತಿತ್ತು.”

“ಹೂಂ.”

“ಯಾವಾಗಿಂದ?”

“ನಾಲ್ಕು ಸೀಸನ್ ಅಲ್ಲಿ ಕೂತೋನು ನಾನು,” ಎಂದ ಅಣ್ಣ, ನೆಲ ನೋಡುತ್ತ. “ಆ ಸೀಟಲ್ಲಿ ಮಾತು ನೆಟ್ಟಗೆ ಕೇಳಲ್ಲ. ನಾನು ಕನ್ನಡಿ ನೋಡಿ, ಕೈ ಹೊರಗಿದೆಯಾ ಅಂತ ಗ್ಯಾರಂಟಿ ಮಾಡ್ಕೊಂಡು ಹಾಕ್ತಿದ್ದೆ. ನಿನಗೆ ಹೇಳಿಕೊಡಲಿಲ್ಲ. ಅವಸರ ಇತ್ತು. ಅಪ್ಪ ಬೇರೆ ಬೈತಿದ್ದ.”

“ನೆನಪಿಲ್ಲ ಅಂದೆ. ಏಳು ವರ್ಷ ನೆನಪಿಲ್ಲ ಅಂದೆ!”

“ಅಪ್ಪಂಗೆ ಯಾರಾದ್ರೂ ಬೇಕಿತ್ತು ಕಣೋ. ಆಫ್ ಮಾಡಬೇಡ ಅಂದೋನು ಅವನು. ನಿನ್ನದಲ್ಲ ಅಂದ್ರೆ ಅವನದು ಅಂತಾಗ್ತಿತ್ತು. ಆ ವರ್ಷವೇ ಸಾಯ್ತಿದ್ದ.”

“ಎರಡು ವರ್ಷದ ಹಿಂದೆ ಸತ್ತನಲ್ಲ! ಆಮೇಲೆ?”

ಅಮ್ಮ ಕೈಯಲ್ಲಿ ಸೌಟು ಹಿಡಿದು, ಒಬ್ಬ ಮಗನಿಂದ ಇನ್ನೊಬ್ಬ ಮಗನಿಗೆ ಕಣ್ಣು ಹೊರಳಿಸುತ್ತ ನಿಂತಿದ್ದಳು.

“ಆಮೇಲೆ ಏನಣ್ಣಾ? ಬಾಯಿಬಿಡು!”

“ದಿನಾ ಬೆಳಗ್ಗೆ ಗುಂಡಿ ಹಾಕೋಕೆ ಬರ್ತಿದ್ದೆ ನೀನು,” ಎಂದ ಅಣ್ಣ. “ಹೇಳಿದ್ರೆ ಬರ್ತಿದ್ಯಾ? ಎಲ್ಲಾದ್ರೂ ಹೋಗ್ತಿದ್ದೆ. ಹೋಗಬೇಕಾದ ವಯಸ್ಸು. ನನ್ನತ್ರ ಇನ್ಯಾರಿದ್ರು?”

ಕಿವುಡನ ಕೈಯಲ್ಲಿದ್ದ ಸ್ಪ್ಯಾನರ್ ಶೆಡ್ಡಿನ ತಗಡಿಗೆ ಹೋಗಿ ಬಡಿಯಿತು. ಇನ್ನೊಂದು. ಮತ್ತೊಂದು. ಪೆಟ್ಟಿಗೆ ಖಾಲಿಯಾಗುವವರೆಗೆ ಎಸೆದ. ಒಂದೂ ಅಣ್ಣನ ಕಡೆ ಹೋಗಲಿಲ್ಲ. ಅಣ್ಣ ಅಲುಗಲೂ ಇಲ್ಲ. ಒಂದಾದರೂ ಬಿದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಎಲ್ಲ ಮುಗಿದ ಮೇಲೆ ಅಮ್ಮ ಸೌಟು ಕೆಳಗಿಟ್ಟು ಸ್ಪ್ಯಾನರ್‌ಗಳನ್ನು ಒಂದೊಂದಾಗಿ ಹೆಕ್ಕಿ ಪೆಟ್ಟಿಗೆಗೆ ತುಂಬಿದಳು. “ನನಗಾದ್ರೂ ಹೇಳಬಹುದಿತ್ತಲ್ಲೋ ದೊಡ್ಡೋನೆ,” ಎಂದಳು. ಅಷ್ಟೇ. ಅನ್ನ ಆರಿಯೇ ಹೋಯಿತು.

ಎಂಟನೇ ದಿನ ಬೆಳಗ್ಗೆ ತಮ್ಮ ಗುಂಡಿ ಹಾಕಲು ಹೋಗಲಿಲ್ಲ.

ಹತ್ತು ಗಂಟೆಗೆ ವ್ಯಾಪಾರಿ ತನ್ನ ಡ್ರೈವರನ್ನು ಕರೆದುಕೊಂಡು ಬಂದ. ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಹಿಡಿಯಿತು. ಡ್ರಮ್ಮು ತಿರುಗಿತು, ಫ್ಯಾನು ಓಡಿತು. ವ್ಯಾಪಾರಿ ತಲೆದೂಗಿದ. ಅಷ್ಟಕ್ಕೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಕಿವುಡ ಬಿಡಲಿಲ್ಲ. ಡ್ರೈವರನ್ನು ಮೇಲೆ ಕೂರಿಸಿ, ಹಾಕು ಅಂದಾಗ ಮಾತ್ರ ಡ್ರಮ್ಮಿನ ಲಿವರ್ ಹಾಕಬೇಕು ಎಂದು ಹೇಳಿ, ತಾನು ಡ್ರಮ್ಮಿನ ಬಾಗಿಲ ಹತ್ತಿರ ನಿಂತು, ಅಮ್ಮ ಬೇಡ ಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದರೂ, ಕೂಗಿದ: “ಸಾಕು!”

ಡ್ರಮ್ಮು ಗರ್ ಎಂದು ತಿರುಗಿತು.

“ನೋಡಿದ್ರಾ?” ಎಂದ ವ್ಯಾಪಾರಿಯ ಕಡೆ ತಿರುಗಿ. “ನಿಮ್ಮ ಡ್ರೈವರ್ ಕಿವುಡನಾ?”

ವ್ಯಾಪಾರಿಯ ಹುಬ್ಬು ಗಂಟಿಕ್ಕಿತು. “ಏನಿದು? ಮಷಿನ್ನಲ್ಲಿ ಏನಾದ್ರೂ ಕಂಪ್ಲೇಂಟಾ? ಮುಚ್ಚಿಡಬೇಡಿ.”

ಕಿವುಡ ಮುಚ್ಚಿಡಲಿಲ್ಲ, ಅಣ್ಣನ ಖಾಲಿ ತೋಳು ತೋರಿಸಿ ಎಲ್ಲವನ್ನೂ ಹೇಳಿದ, ಆಫ್ ಮಾಡದೆ ಒಳಗೆ ಕೈ ಹಾಕಿಸಬೇಡಿ ಎಂದ, ಅಲ್ಲಿ ಕೂತರೆ ಸಾಕು ಎನ್ನುವುದು ಹಾಕು ಎಂದು ಕೇಳುತ್ತದೆ ಎಂದ. ಡ್ರೈವರ್ ಇಳಿದು ಬಂದು, ಪೂರ್ತಿ ಕೇಳಿ, ಇದೇನು ದೊಡ್ಡ ಸುದ್ದಿ ಎಂಬಂತೆ ನಕ್ಕ.

“ಅಯ್ಯೋ, ಎಲ್ಲಾ ಮಷಿನ್ನೂ ಹಿಂಗೇ ಸಾರ್. ಈ ಗಲಾಟೇಲಿ ಯಾರ್ರೀ ಬಾಯಲ್ಲಿ ಹೇಳ್ತಾರೆ? ನಾವು ಸೀಟಿ ಊದೋದು.” ಅಂಗಿಯೊಳಗಿಂದ ದಾರಕ್ಕೆ ಕಟ್ಟಿದ ಪ್ಲಾಸ್ಟಿಕ್ ಸೀಟಿ ಎಳೆದು ತೋರಿಸಿದ. “ಒಂದ್ಸಲ ಊದಿದ್ರೆ ನಿಲ್ಸು, ಎರಡ್ಸಲ ಊದಿದ್ರೆ ಹಾಕು. ಚಿಕ್ಕ ಮಕ್ಕಳ ಆಟದ ಸಾಮಾನು ಇದು, ಯಾವ ಅಂಗಡೀಲಿ ಬೇಕಾದ್ರೂ ಸಿಗುತ್ತೆ.”

ಹಳದಿ ಬಣ್ಣದ ಸೀಟಿ. ಕಿವುಡ ಅದನ್ನೇ ನೋಡುತ್ತ ನಿಂತ. ಅಣ್ಣನೂ ನೋಡಿದ. ಒಬ್ಬನ ಕೈ, ಇನ್ನೊಬ್ಬನ ಹೆಸರು, ಅಪ್ಪನ ಕೊನೆಯ ಐದು ವರ್ಷ, ಎಲ್ಲ ಆ ದಾರದ ತುದಿಯಲ್ಲಿ ತೂಗುತ್ತಿತ್ತು. ಡ್ರೈವರ್ ಅದನ್ನು ಮತ್ತೆ ಅಂಗಿಯೊಳಗೆ ಬಿಟ್ಟುಕೊಂಡ.

ಹನ್ನೆರಡರ ಹೊತ್ತಿಗೆ ಮಷಿನ್ ಗೇಟು ದಾಟಿತು. ತಿರುವಿನ ತನಕ ಸದ್ದು ಎಲ್ಲರಿಗೂ ಕೇಳಿತು. ಆಮೇಲೂ ಬಹಳ ಹೊತ್ತು ಕಿವುಡನೊಬ್ಬನಿಗೇ ಕೇಳುತ್ತಿತ್ತು. ಎರಡನೇ ಗೇರಿಗೆ ಬಂತು. ಮೂರನೇದು. ಸೇತುವೆ ಏರಿತು. ಆಮೇಲೆ ಅವನಿಗೂ ಇಲ್ಲ.

ಶೆಡ್ಡಿನಲ್ಲಿ ಎಣ್ಣೆಯ ಕಲೆ, ನಾಲ್ಕು ಟೈರಿನ ಗುಂಡಿ ಬಿದ್ದ ಗುರುತು. ಅಣ್ಣ ಡಬ್ಬದ ಮೇಲೆಯೇ ಕೂತಿದ್ದ. ಅಂಗಿ ಬೆಳಗ್ಗೆಯಿಂದ ಹಾಗೇ ತೆರೆದುಕೊಂಡಿತ್ತು. ಪರರ ಎದುರು ಎದೆಯ ಮೇಲೆ ಟವೆಲ್ ಎಳೆದುಕೊಂಡು ಕೂತಿದ್ದ. ಈಗ ಟವೆಲ್ ತೆಗೆದು, ಎಡಗೈಯ ಬೆರಳಲ್ಲಿ ಕಾಲರಿನ ಗುಂಡಿಯ ಜೊತೆ ಒದ್ದಾಡುತ್ತಿದ್ದ. ಗುಂಡಿ ತೂತಿನ ತನಕ ಬರುತ್ತಿತ್ತು, ಜಾರುತ್ತಿತ್ತು. ತಮ್ಮ ಶೆಡ್ಡಿನ ಕಂಬಕ್ಕೆ ಒರಗಿ ನಿಂತು ನೋಡಿದ. ಕಾಲು ಎರಡು ಸಲ ಮುಂದೆ ಹೊರಟಿತು. ಎರಡು ಸಲವೂ ನಿಲ್ಲಿಸಿಕೊಂಡ.

“ಮೇಲಿಂದ ಬೇಡ,” ಎಂದ ಕೊನೆಗೆ. “ಕೆಳಗಿಂದ ಹಾಕು.”

ಅಣ್ಣ ತಲೆಯೆತ್ತಲಿಲ್ಲ. ಕೆಳಗಿನ ಗುಂಡಿ ಹಿಡಿದ. ಬಹಳ ಹೊತ್ತು ಹಿಡಿಯಿತು. ಒಂದು ತೂತಿಗೆ ಬಿತ್ತು. ಇನ್ನೊಂದು. ಮೂರನೆಯದು ಬೀಳುವ ಹೊತ್ತಿಗೆ ಬೆರಳು ಸೋತಿತ್ತು, ಹಣೆಯಲ್ಲಿ ಬೆವರು. ಕಣ್ಣಿನಲ್ಲಿದ್ದದ್ದು ಬೆವರಲ್ಲ.

“ಸಾಕು,” ಎಂದ ಅಣ್ಣ, ತೀರಾ ಮೆಲ್ಲಗೆ.

ಅಂಗಳದಲ್ಲಿ ಯಾವ ಸದ್ದೂ ಇರಲಿಲ್ಲ. ‘ಸ’ ಪೂರ್ತಿ ಕೇಳಿಸಿತು ತಮ್ಮನಿಗೆ. ಕಂಬ ಬಿಟ್ಟು ಬಂದು ಅಣ್ಣನ ಎದುರು ಕುಕ್ಕರಗಾಲಿನಲ್ಲಿ ಕೂತ. ಗುಂಡಿ ಮುಟ್ಟಲಿಲ್ಲ. ಅಂಗಿಯ ಅಂಚನ್ನು ಮಾತ್ರ, ಜಾರದಂತೆ ಬಿಗಿಯಾಗಿ ಹಿಡಿದುಕೊಂಡ.

“ಇನ್ನೂ ನಾಲ್ಕಿದೆ,” ಎಂದ. “ಹಾಕು.”